ಗೌರಕ್ಕನ ಬೂದಿ ತಾನಾಗಿ ಓಡಿಹೋಗಲಿಲ್ಲ

ಅಕ್ಕಾ, ನಿನ್ನ ಬೆಕ್ಕು ಓಡಿಹೋಗಲಿಲ್ಲ. ನಾನೇ ಅದನ್ನು ಚೀಲಕ್ಕೆ ಹಾಕಿ, ಹಳ್ಳ ದಾಟಿಸಿ, ಬಬಲೇಶ್ವರದ ಕಬ್ಬಿನೊಳಗೆ ಬಿಟ್ಟು ಬಂದೆ. ಮರುದಿನದಿಂದ ನಿನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿಕೋಟಾದ ಸುತ್ತ ಅದನ್ನೇ ಹುಡುಕಿದವನೂ ನಾನೇ. ಎಷ್ಟೋ ವರ್ಷವಾಯಿತು. ನೀನು ಮರೆತಿರಬಹುದು ಅಂದುಕೊಂಡಿದ್ದೆ — ಮರೆತಿಲ್ಲ ಅನ್ನುವುದು ಹೋದ ವಾರ ಗೊತ್ತಾಯಿತು.

ಆ ವರ್ಷ ನಮ್ಮ ಒಣದ್ರಾಕ್ಷಿ ಶೆಡ್ ಹೊಸದು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ನೀನು. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ನನಗೇ ಅಡುಗೆ ಮಾಡುತ್ತ ಉಳಿದೆ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಮಂದಿಯ ತೋಟದಲ್ಲಿ ದ್ರಾಕ್ಷಿ ಕೊಯ್ದು, ಮಂದಿಯ ಶೆಡ್ಡಿನಲ್ಲಿ ಕ್ರೇಟ್ ಹೊತ್ತು, ಕೊನೆಗೆ ನನ್ನದೇ ತಗಡಿನ ಸೂರು ನಿಲ್ಲಿಸಿದ್ದೆ. ದ್ರಾಕ್ಷಿ ಒಣಗಲು ಒಂದರ ಮೇಲೊಂದು ಬಲೆ ಕಟ್ಟಿದ್ದೂ ನನ್ನ ಕೈಯಿಂದಲೇ. ಅದರ ಹೆಮ್ಮೆ ಎಷ್ಟಿತ್ತೆಂದರೆ — ಇರಲಿ.

ಇಲಿ ಬಾರದಿರಲೆಂದು ನೀನು ಬೂದಿ ಅನ್ನುವ ಆ ಬೆಕ್ಕನ್ನು ಶೆಡ್ಡಿಗೆ ತಂದೆ. ಬೂದಿಯ ಬಣ್ಣ, ಅರ್ಧ ಕಾಡಿನ ಬುದ್ಧಿ. ನಾನು ಹತ್ತಿರ ಹೋದರೆ ಹಲ್ಲು ತೋರಿಸುತ್ತಿತ್ತು. ನೀನು "ಬೂದೀ, ಬಾರ ಬೇ ನಮ್ಮವ್ವಾ" ಅಂದರೆ ಮಾತ್ರ ಎಲ್ಲಿದ್ದರೂ ಬಂದು ನಿನ್ನ ಸೀರೆಗೆ ಮೈ ತಿಕ್ಕುತ್ತಿತ್ತು.

ಒಣಗಿಸಿದ ಮೊದಲ ಮಣೂಕದ ಮಾದರಿ ಹಿಡಿದು ವಿಜಯಪುರದ ಗಾಂಧಿ ಚೌಕಕ್ಕೆ ಹೋದೆ. ಅಂಗಡಿಯ ಸಾಹುಕಾರರು ದ್ರಾಕ್ಷಿಯನ್ನು ಅಂಗೈಯಲ್ಲಿ ಹರವಿ, ಬೆಳಕಿಗೆ ತಿರುಗಿಸಿ, ಅದರೊಳಗಿನಿಂದ ಒಂದು ಕೂದಲು ಎಳೆದರು.

"ಏನಪಾ ಸಂಗಪ್ಪ, ನಿನ್ನ ಮಣೂಕಕ್ಕ ಮೀಸಿ ಬಂದಾವಲ್ಲೋ!"

"ಇನ್ನೊಂದೀಟು ದಿನ ಬಿಡ್ರಿ ಸಾಹುಕಾರ್ರ," ಅಂದ ಮೂಟೆ ಹೊರುವವನೊಬ್ಬ, "ಮ್ಯಾಂವ್ ಅಂತಾವ."

ಅಂಗಡಿಯೆಲ್ಲ ನಕ್ಕಿತು. ಮಾಲು ತೆಗೆದುಕೊಂಡರು ಅನ್ನು. ಆದರೆ ನಗುತ್ತ ತೆಗೆದುಕೊಂಡರು. ತಿರುಗಿ ಕಳಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗು ತಡೆಯಲಿಲ್ಲ.

ನೀನು ಜೋರಾಪುರ ಪೇಟೆಯ ಅತ್ತೆಯ ಮನೆಗೆ ಹೋಗಿದ್ದ ದಿನ ಬೂದಿ ಬಲೆಯ ಮೇಲೆ ಮಲಗಿತ್ತು. ಕುತ್ತಿಗೆ ಹಿಡಿದು ಚೀಲಕ್ಕೆ ತುರುಕಿದೆ. ನಮ್ಮ ಕಡೆ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ. ಬೇಡವಾದರೆ ಚೀಲದಲ್ಲಿಟ್ಟು, ನಾಲ್ಕು ಸುತ್ತು ತಿರುಗಿಸಿ, ನೀರು ದಾಟಿಸಿ ಬಿಡುತ್ತಾರೆ. ದಾರಿ ಮರೆಯುತ್ತದೆ, ಪಾಪವೂ ಹತ್ತುವುದಿಲ್ಲ ಅನ್ನುತ್ತಾರೆ. ನಾನೂ ಹಾಗೇ ಮಾಡಿದೆ. ಬರುವಾಗ ಹಗುರಾಗಿದ್ದೆ. ಹಾಡು ಗುನುಗಿದ ನೆನಪೂ ಇದೆ.

ಮರುದಿನ ನೀನು ಬಂದೆ. ಖಾಲಿ ಕ್ರೇಟುಗಳ ಹಿಂದಿನಿಂದ ಕೂಗಿದೆ.

"ತಮ್ಮಾ, ಬೂದಿ ಹಡದಾಳೋ! ಮೂರು ಮರಿ ಅದಾವ, ಇನ್ನೂ ಕಣ್ಣ ತಗದಿಲ್ಲ. ಆಕಿ ಎಲ್ಲೂ ಕಾಣವಲ್ಲಳು."

ಆಗಲೇ ಹೇಳಬಹುದಿತ್ತು. ಬೈಕಿನ ದಾರಿ ಅದು, ಹೋಗಿ ತರಬಹುದಿತ್ತು. ಕೆಲಸದವರು ಎದುರಿಗೆ ನಿಂತಿದ್ದರು —

"ನನಗೇನ ಗೊತ್ತಕ್ಕಾ? ಕಾಡ ಜಾತಿ ಅದು. ತಾನ ಓಡಿ ಹೋಗ್ಯಾದ."

ಇಷ್ಟೇ ಮಾತು. ಆಮೇಲೆ ಆಡಿದ್ದೆಲ್ಲ ಇದನ್ನು ಮುಚ್ಚಲು ಆಡಿದ್ದು.

ನೀನು ಹತ್ತಿಯ ಬತ್ತಿಯನ್ನು ಹಾಲಿಗೆ ಅದ್ದಿ ಮರಿಗಳ ಬಾಯಿಗಿಡುತ್ತಿದ್ದೆ. ಅವು ಚೀಪುತ್ತಿರಲಿಲ್ಲ. ಬಿಡುವಾದಾಗೆಲ್ಲ "ನಡಿಯೋ ತಮ್ಮಾ, ಹುಡುಕೂಣು" ಅನ್ನುತ್ತಿದ್ದೆ. ನಾನು ಬೈಕ್ ತೆಗೆಯುತ್ತಿದ್ದೆ — ಬಬಲೇಶ್ವರದ ದಾರಿಯೊಂದನ್ನು ಬಿಟ್ಟು ಎಲ್ಲ ದಾರಿಗೂ. ಜಾಲಿಯ ಮೆಳೆ, ಹಾಳುಬಾವಿ, ಕಲ್ಲು ಒಡೆಯುವ ಕಣಿ. ಕುರಿ ಕಾಯುವವನೊಬ್ಬ ಬೂದು ಬೆಕ್ಕು ಕಂಡೆ ಅಂದಾಗ ನೀನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

"ಓಡಬ್ಯಾಡ್ರಿ ಯಕ್ಕಾ," ಅಂದ ಅವನು. "ಅದು ಕಾಡಬೆಕ್ಕರಿ. ಕಿವಿ ತುದಿಗಿ ಕರಿ ಕೂದಲ ಇದ್ದುವ, ಬಾಲಕ್ಕ ಬಳಿ ಇದ್ದುವ. ನಿಮ್ಮನ್ನ ನೋಡಿ ನಿಲ್ಲೂ ಜಾತಿ ಅಲ್ಲ."

ಆದರೂ ನೀನು ಮೆಳೆಯ ಮುಂದೆ ಕೂತು ಕರೆದೆ. ಕರೆದೇ ಕರೆದೆ. ಮುಳ್ಳು ಚುಚ್ಚಿ ಮೊಣಕೈ ರಕ್ತವಾಗಿತ್ತು. ನಾನೂ ನಿನ್ನ ಜೊತೆ "ಬೂದೀ" ಎಂದು ಕೂಗಿದೆ ಅಕ್ಕಾ — ಅಲ್ಲಿ ಇಲ್ಲದ್ದು ಗೊತ್ತಿದ್ದೂ ಕೂಗಿದೆ. ಬೈಕಿನಲ್ಲಿ ನೀನು ಹಿಂದೆ ಕೂರುತ್ತಿದ್ದುದೇ ನನಗೆ ಅನುಕೂಲ. ನನ್ನ ಮುಖ ನಿನಗೆ ಕಾಣುತ್ತಿರಲಿಲ್ಲ.

ಮೊದಲು ಒಂದು ಮರಿ ಹೋಯಿತು. ನಂತರ ಇನ್ನೊಂದು. ಆ ದಿನ ನಾನೊಬ್ಬನೇ ಬಬಲೇಶ್ವರಕ್ಕೆ ಹೋದೆ. ಆ ಹೊಲದಲ್ಲಿ ಕಬ್ಬು ಕಡಿಯಲು ಹತ್ತಿದ್ದರು. ಕಡಿದ ಕಡೆ ಒಣ ಎಲೆಯ ರವದಿಗೆ ಬೆಂಕಿ ಹಚ್ಚುವುದಿತ್ತು. ಕಬ್ಬು ಕಡಿಯುವ ಹೆಣ್ಣುಮಗಳೊಬ್ಬಳನ್ನು ಕೇಳಿದೆ.

"ಯಣ್ಣಾ, ಕಬ್ಬಿನ್ಯಾಗ ಬೆಕ್ಕಿಗೇನ ಬರಗಾಲ? ನಿಂದ್ಯಾವದು, ಕಾಡಿಂದೋ ಮನಿದೋ?"

ಮನೆಯದನ್ನು ಕಾಡಿನದು ಮಾಡಿದವನು ನಾನು.

ಬದುವಿನಿಂದ ಬದುವಿಗೆ ತಿರುಗಿದೆ. ಕಿವಿ ಹರಿದ ಒಂದು ಗಂಡು ಬೆಕ್ಕು ಕಂಡಿತು, ಮಾಯವಾಯಿತು. ಎತ್ತರ ಕಾಲಿನ ಕಾಡುಬೆಕ್ಕೊಂದು ಸಾಲು ದಾಟಿತು. ಹೊತ್ತು ಇಳಿಯುವಾಗ, ಇನ್ನೂ ಕಡಿಯದ ಕಬ್ಬಿನ ಅಂಚಿನಲ್ಲಿ — ಬೂದಿ. ಸೊರಗಿತ್ತು. ನಾನು ನಿನ್ನ ಮಾತಿನಲ್ಲೇ, ನಿನ್ನ ರಾಗದಲ್ಲೇ ಕರೆದೆ. "ಬಾರ ಬೇ ನಮ್ಮವ್ವಾ." ಅದು ನಿಂತಿತು ಅಕ್ಕಾ. ತಿರುಗಿ ಎರಡು ಹೆಜ್ಜೆ ಬಂತು ಕೂಡ. ಆಮೇಲೆ ನನ್ನ ಕೈ ನೋಡಿತು. ಕೈಯಲ್ಲಿ ಅದೇ ಚೀಲ. ಕಬ್ಬು ಒಂದು ಸಲ ಅಲುಗಾಡಿತು, ಅಷ್ಟೇ.

ನೀನು ಬಂದು ಕರೆದರೆ ಬರುತ್ತದೆ ಅನ್ನುವುದು ಆಗ ಖಾತ್ರಿಯಾಯಿತು. ನಿನ್ನನ್ನು ಕರೆತರಲು ಒಂದು ನಿಜ ಹೇಳಿದರೆ ಸಾಕಿತ್ತು. ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಹೊರಳಿಸುತ್ತ ಬಂದೆ. ನೀನು ಬಾಗಿಲಲ್ಲೇ ಕೂತಿದ್ದೆ, ಉಳಿದೊಂದು ಮರಿ ಮಡಿಲಲ್ಲಿತ್ತು.

"ಎಲ್ಲಿ ಹೋಗಿದ್ದೆಪಾ?"

"ಬಬಲೇಶ್ವರಕ್ಕ. ಪೈಪ್ ನೋಡಾಕ."

"ದಾರ್ಯಾಗ ಬೂದಿ ಏನರ ಕಂಡ್ಳೇನು?"

"ಇಲ್ಲಕ್ಕಾ."

ಮರುದಿನ ಆ ಮರಿಯೂ ಬಾಯಲ್ಲಿ ಬತ್ತಿ ಇದ್ದಂತೆಯೇ ತಣ್ಣಗಾಯಿತು. ನೀನು ಅಳಲಿಲ್ಲ. "ಹಡದ ಮರಿ ಬಿಟ್ಟು ಹೋದಾಕಿ. ಆಕಿ ಹೆಸರ ತಗೀಬ್ಯಾಡ ಇನ್ನ" ಅಂದೆ. ನಾನು ತೆಗೆಯಲಿಲ್ಲ. ಅದೂ ನನಗೆ ಅನುಕೂಲವೇ ಆಯಿತು.

ಅಂದಿನಿಂದ ನೀನು ಒಂದು ಬೆಕ್ಕನ್ನೂ ಹೊಸ್ತಿಲು ಹತ್ತಗೊಟ್ಟಿಲ್ಲ. ಹೋದ ವಾರ ಹೊಲದ ಕಡೆಯಿಂದ ಯಾವುದೋ ಬೀಡಾಡಿ ಬೆಕ್ಕು ಬಂತು, ಹೊಟ್ಟೆ ಜೋತಿತ್ತು. ನೀನು ಕಸಬರಿಗೆ ಎತ್ತಿದೆ. "ಹೋಗ ಬೇ! ಹಡದು ಬಿಟ್ಟು ಹೋಗೂ ಜಾತಿ ನಿಮ್ಮದು!" ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ತಟ್ಟೆ ಬಿಟ್ಟು ಎದ್ದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಶೆಡ್ಡಿಗೆ ಹೋಗುತ್ತೇನೆ, ಮನೆಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ. ಬದುವಿನ ಮೇಲೆ ಏನು ಸರಿದರೂ ಬೈಕ್ ನಿಲ್ಲಿಸುತ್ತೇನೆ.

ಇನ್ನೊಂದು ಉಳಿದಿದೆ. ಮರಿ ಇದ್ದದ್ದು ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬೂದಿಯನ್ನು ಚೀಲಕ್ಕೆ ಒತ್ತುವಾಗ ಅಂಗೈಗೆ ಒದ್ದೆ ಹತ್ತಿತ್ತು. ಹಾಲು ಅದು. ನೋಡಿದೆ. ಪ್ಯಾಂಟಿಗೆ ಒರೆಸಿಕೊಂಡು ಚೀಲದ ಬಾಯಿ ಕಟ್ಟಿದೆ.

ನಾಳೆ ಬೈಕ್ ತೆಗೆಯುವುದಿಲ್ಲ. ಬೆಳಿಗ್ಗೆ ನೀನು ಅಂಗಳ ಗುಡಿಸುವಾಗ ನಿನ್ನ ಎದುರಿಗೆ, ಮುಖ ಕಾಣುವ ಹಾಗೆ ಕೂತು, ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ನೀನು ಕಸಬರಿಗೆ ಎತ್ತಿದರೆ ಎತ್ತು ಅಕ್ಕಾ. ನಾನು ಏಳುವುದಿಲ್ಲ.