ಅಟ್ಟದ ಮೇಲಿನ ಒಂದು ವರ್ಷ

ನಮ್ಮ ಚಿಕ್ಕಪ್ಪನ ಮಗಳು ಮಂಗಳಗೌರಿ ಕುಣಿಗಲ್ಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಡಂ. ಬೆಳೆದದ್ದು ತುಮಕೂರು ಪೇಟೆಯಲ್ಲಿ. ದೇಶದೇಶಗಳ ನಡುವಿನ ವ್ಯಾಪಾರದ ಜಗಳ, ಅದನ್ನು ಜಿನೀವಾದಲ್ಲಿ ಕೂತು ಬಗೆಹರಿಸುವ ಕಾನೂನು, ಇದೇ ಅವಳ ಓದು. ತೊಂಬತ್ತೇಳರಲ್ಲಿ ಪಿಎಚ್‌ಡಿಗೆ ಸೇರಿದಾಗ ಗುಬ್ಬಿಯ ನೆಂಟರು, ‘ಜಿನೀವಾ ಜಗಳ ಯಾಕಮ್ಮ, ನಮ್ಮ ಬದುವಿನ ಜಗಳ ಸಾಲದಾ?’ ಎಂದು ನಕ್ಕರು. ಅವಳೂ ನಕ್ಕಳು, ಆದರೆ ಬಿಡಲಿಲ್ಲ.

ಹೊರಗಿನ ಸರಕನ್ನು ಸುಂಕ ಹಾಕಿ ತಡೆಯಬೇಕಾದರೆ, ಅದರಿಂದಲೇ ನಮಗೆ ಪೆಟ್ಟು ಬಿತ್ತೆಂದು ತೋರಿಸಬೇಕಂತೆ. ಅವಳು ನಮ್ಮ ಕೊಬ್ಬರಿಯನ್ನು ಹಿಡಿದಳು. ಹೊರದೇಶದ ಪಾಮ್ ಎಣ್ಣೆ ಹೆಚ್ಚಾಗಿ ಬಂದ ವರ್ಷವೇ ಕೊಬ್ಬರಿ ಬೆಲೆ ಬಿದ್ದಿತ್ತು. ಎರಡನ್ನೂ ತಿಂಗಳಿಗೆ ತಿಂಗಳು ಹೊಂದಿಸಿ ನಾಲ್ಕು ವರ್ಷ ಬರೆದಳು. ಪೆಟ್ಟು ಎಣ್ಣೆಯದೇ ಎಂದು ತೀರ್ಮಾನ. ನಾನೂ ರೈತರ ಸಭೆಗಳಲ್ಲಿ ಅದನ್ನೇ ಕೂಗುತ್ತಿದ್ದೆ.

ಪಿಎಚ್‌ಡಿ ಪ್ರಬಂಧ ಒಪ್ಪಿಸಲು ಇಪ್ಪತ್ತು ದಿನವಿದ್ದಾಗ ಗುಬ್ಬಿಯ ನಮ್ಮ ಮನೆಗೆ ಬಂದಳು. ನಾನು ಅಟ್ಟದಿಂದ ಕಾಯಿ ಇಳಿಸುತ್ತಿದ್ದೆ.

‘ಇದು ಯಾವಾಗ ಕಿತ್ತಿದ್ದಣ್ಣ?’

‘ಹೋದ ಯುಗಾದಿದು. ವರ್ಷ ಅಟ್ಟದ ಮೇಲಿದ್ರೆ ತಾನೆ ಒಳಗೆ ಕೊಬ್ಬರಿ ಒಣಗಿ ಲೊಡಲೊಡ ಅನ್ನೋದು? ಮೇಡಂ ಅಂತೆ ಮೇಡಂ.’

‘ಬಿಸಿಲಲ್ಲಿ ವಾರ ಒಣಗಿಸ್ತಾರೆ ಅಂತ ಪುಸ್ತಕದಲ್ಲಿತ್ತು.’

‘ಅದು ಎಣ್ಣೆಗೆ ಹಿಂಡೋ ಕೊಬ್ಬರಿ ಕಣೇ, ಬೇರೆ ಸೀಮೇದು. ನಮ್ದು ತಿನ್ನೋದು.’

ಏಣಿಯ ಮೇಲೆ ಕೂತುಬಿಟ್ಟಳು. ‘ಬೆಲೆ ಬಿತ್ತಲ್ಲ, ಅದರ ಹಿಂದಿನ ವರ್ಷ ಫಸಲು ಹೆಂಗಿತ್ತು?’

‘ಅಟ್ಟ ಸಾಲದೆ ಹಜಾರಕ್ಕೂ ಸುರಿದಿದ್ವಿ.’

ಹೇಳಿದ ಮೇಲೆ ನನಗೂ ಹೊಳೆಯಿತು. ಆ ಫಸಲು ವರ್ಷದ ಮೇಲೆ ಎಲ್ಲರ ಅಟ್ಟದಿಂದಲೂ ಒಟ್ಟಿಗೆ ಇಳಿದು ಬೆಲೆ ಬಿದ್ದಿತ್ತು, ಎಣ್ಣೆಯಿಂದಲ್ಲ.

ಮರಳೂರಿನ ಅವಳ ಗೈಡು ಶಿವರಾಮಯ್ಯ ಮೇಷ್ಟ್ರ ಮನೆಗೆ ನಾನೇ ಕರೆದುಕೊಂಡು ಹೋದೆ. ‘ಈಗ ಕೊಟ್ಬಿಡಮ್ಮ, ನಿನ್ನ ಅಟ್ಟ ಯಾರು ಹತ್ತಿ ನೋಡ್ತಾರೆ?’ ಎಂದರು.

‘ನಾನು ನೋಡ್ಬಿಟ್ನಲ್ಲ ಸಾರ್.’

ದಾರಿಯಲ್ಲಿ ಬೈದೆ. ‘ನಾಲ್ಕು ವರ್ಷ ಹಾಳು. ಊರಿನ ವಿರುದ್ಧ ಬೇರೆ ಬರೀತೀಯಾ?’ ಅವಳು ಒಪ್ಪಿಸುವ ದಿನವನ್ನು ಮುಂದಕ್ಕೆ ಹಾಕಿಸಿಕೊಂಡಳು. ಮುಂದಿನ ಭಾನುವಾರ ಹೆಬ್ಬೂರಿನಲ್ಲಿ ಬಸ್ಸಿಳಿದು ಒಬ್ಬ ರೈತರ ಮನೆಯ ಅಟ್ಟ ಹತ್ತಿದಳು. ಆಮೇಲೆ ಎರಡು ವರ್ಷ, ಭಾನುವಾರಕ್ಕೊಂದು ಊರು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದ ತಾರೀಖು ಯಾರಿಗೂ ನೆನಪಿಲ್ಲ. ‘ಮಗಳ ಮದ್ವೆ ಮುಂಚೆ ಕಿತ್ತಿದ್ದು’ ಎನ್ನುವವರ ಮನೆಯಲ್ಲಿ ಲಗ್ನಪತ್ರಿಕೆ ಹುಡುಕಿಸಿ ತಿಂಗಳು ಬರೆದುಕೊಂಡಳು. ಬೈದ ನಾನೇ ಏಣಿ ಹಿಡಿಯುತ್ತಿದ್ದೆ.

ಎರಡು ಸಾವಿರದ ಮೂರರಲ್ಲಿ ವೈವಾ. ಹಿಂದಿನ ಬೆಂಚಿನಲ್ಲಿ ನಾನಿದ್ದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು, ‘ಆ ವರ್ಷದ ಪೆಟ್ಟು ಎಣ್ಣೆಯದಲ್ಲ ಅಂತೀರಿ. ನಿಮ್ಮ ಜನರ ಕೇಸು ನೀವೇ ಕೆಡಿಸಿದಿರಲ್ಲ?’

‘ಇಲ್ಲದ ಪೆಟ್ಟು ತೋರಿಸಿದ್ರೆ ಜಿನೀವಾದಲ್ಲಿ ಸೋಲ್ತೀವಿ ಸಾರ್. ಆಮೇಲೆ ನಿಜವಾಗಿ ಬಿದ್ದಾಗ ಯಾರು ನಂಬ್ತಾರೆ?’

ಅವರು ಪ್ರಬಂಧ ಮುಚ್ಚಿ, ‘ಬನ್ನಿ ಡಾಕ್ಟರ್’ ಎಂದು ಕೈಮುಗಿದರು.

ಮುಂದಿನ ರೈತರ ಸಭೆಯಲ್ಲಿ ಎಣ್ಣೆಯ ಮೇಲೆ ಕೂಗಲು ಎದ್ದ ನಾನು ಮೊದಲು ಕೇಳಿದೆ, ‘ಹೋದ ವರ್ಷ ಅಟ್ಟಕ್ಕೆ ಎಷ್ಟು ಹಾಕಿದ್ರಿ, ಹೇಳ್ರಪ್ಪ.’