ದೀಪ ಹಚ್ಚುವ ಮೊದಲು

ಮುಂಬಯಿಯ ಭಾಂಡುಪ್‌ನ ನಮ್ಮ ಚಾಳಿನ ಎರಡನೇ ಮಾಳಿಗೆಯಲ್ಲಿ, ನಲ್ಲಿಯ ಪಕ್ಕ ನಾನು ನಿಂತಿದ್ದೆ. ಎಂಬತ್ತರ ದಶಕದ ಒಂದು ಶ್ರಾವಣದ ಸಂಜೆ. ಪಕ್ಕದ ಮನೆಯ ಧಾರವಾಡ ಕಡೆಯ ಹೆಂಗಸು ಆಗಷ್ಟೇ ದೇವರ ದೀಪ ಹಚ್ಚಿದ್ದರು.

ಚಾಳಿನ ಎಲ್ಲ ಮನೆಗಳ ಮೊಸರಿಗೂ ಅವರದೇ ಹೆಪ್ಪು. ಬಟ್ಟಲಿಗೆ ಹಾಕುವಾಗ, "ಜೀವ ಅದ ಅದರಾಗ, ಅಲುಗಾಡಿಸಬ್ಯಾಡ್ರಿ," ಎನ್ನುತ್ತಿದ್ದರು. ದೀಪ ಹಚ್ಚಿದ ಮೇಲೆ ಮಾತ್ರ ಅವರ ಮೊಸರು ಹೊಸ್ತಿಲು ದಾಟುತ್ತಿರಲಿಲ್ಲ.

ಎದುರುಮನೆಯ ಮರಾಠಿ ಹೆಂಗಸು ಬಟ್ಟಲು ಹಿಡಿದು ಬಂದಳು. ಅವಳ ಪುಟ್ಟ ಮಗಳಿಗೆ ಟೈಫಾಯ್ಡ್. ಗುಳಿಗೆ ಶುರುವಾದಾಗಿನಿಂದ ಭೇದಿ ನಿಂತಿರಲಿಲ್ಲ. ಗುಳಿಗೆ ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಂದಿರಬೇಕು, ಮೊಸರು ಕೊಡಿ ಎಂದು ಡಾಕ್ಟರು ಹೇಳಿದ್ದರಂತೆ.

"ಹಂಗಂದ್ರ ಹೊಟ್ಟ್ಯಾಗಿನ ಹೆಪ್ಪ ಸತ್ತದ," ಎಂದರು ಧಾರವಾಡದವರು. ದೀಪದ ಕಡೆ ನೋಡಿದರು. "ಮುಂಜಾನೆ ನಾನೇ ತರ್ತೀನಿ, ತಂಗಿ."

ಮುಂಜಾನೆ ಬಟ್ಟಲು ತುಂಬ ತಂದರು. ಮಗು ಆಗಲೇ ತೀರಿಕೊಂಡಿತ್ತು. ಒಂದು ಬಟ್ಟಲು ಮೊಸರಿನಿಂದ ಅದು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಇವರು ಬಟ್ಟಲು ಕೆಳಗಿಡದೆ ಕೇಳಿಸಿಕೊಂಡರು.

ಆಮೇಲೆ ಪ್ರತಿ ಸಂಜೆ ಕಡ್ಡಿಪೆಟ್ಟಿಗೆ ಹಿಡಿದು ಗ್ಯಾಲರಿಯಲ್ಲಿ ನಿಂತು, "ಹೆಪ್ಪ ಬೇಕೇನ್ರಿ ಯಾರಿಗರೆ? ದೀಪ ಹಚ್ಚತೀನಿ," ಎಂದು ಕೇಳುತ್ತಿದ್ದರು. ಎದುರುಮನೆಯಿಂದ ಉತ್ತರ ಬರುವವರೆಗೆ ಕಡ್ಡಿ ಗೀರುತ್ತಿರಲಿಲ್ಲ.

"ನಕೋ ತಾಈ, ದಿವಾ ಲಾವಾ." ಬೇಡ ಅಕ್ಕ, ದೀಪ ಹಚ್ಚಿ ಎಂದು ಮಗು ಕಳೆದುಕೊಂಡವಳು ಒಳಗಿನಿಂದಲೇ ಹೇಳುತ್ತಿದ್ದಳು.

ಹೆಪ್ಪು ಕೊಡುತ್ತಿದ್ದವರು ಈಗಿಲ್ಲ. ಆ ಸಂಜೆಯನ್ನು ಕಂಡವರಲ್ಲಿ ಉಳಿದಿರುವುದು ನಾನು, ಮತ್ತು ವಿಲೆ ಪಾರ್ಲೆಯಲ್ಲಿ ಮಗನ ಮನೆಯಲ್ಲಿರುವ ಆ ತಾಯಿ.