ಹಳದಿ ದಾರದ ಕೆಳಗಿನ ಬಿರುಕು

ದಾವಲಸಾಬ, ಆ ಚಾಕು ನಿನ್ನ ಕೈಗೆ ಬರುವ ಮೊದಲೇ ಒಡೆದಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾದವು. ಈಗಲೂ ನಿನ್ನೆದುರು ನಿಂತು ಹೇಳುತ್ತಿಲ್ಲ ನೋಡು — ಕಾಗದದ ಮುಂದೆ ಹೇಳುತ್ತಿದ್ದೇನೆ. ಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗುವ ಈ ಈರಣ್ಣನಿಗೆ ನಿನ್ನ ಹೂವಿನ ಅಂಗಡಿಯ ಕಟ್ಟೆ ಹತ್ತಿದರೆ ಸಾಕು, ಧ್ವನಿಯೇ ಹೊರಡುವುದಿಲ್ಲ.

ನನ್ನ ಧಂದೆ ನಿನಗೆ ಗೊತ್ತಿದ್ದದ್ದೇ. ಆದರೂ ಹೇಳುತ್ತೇನೆ, ಯಾಕೆಂದರೆ ನನ್ನ ಸೊಕ್ಕು ಇದ್ದದ್ದು ಅಲ್ಲಿಯೇ. ಹುಬ್ಬಳ್ಳಿಯಿಂದ ಅಗ್ಗದ ಚಾಕು ತರುತ್ತೇನೆ. ಮಡಚುವಂಥವಲ್ಲ, ಅಲಗು ಹಿಡಿಕೆಯಲ್ಲಿ ಕಾಯಂ ಕೂತಂಥವು. ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಗಜೇಂದ್ರಗಡ, ರೋಣ, ನರಗುಂದದ ಸಂತೆ ಸುತ್ತುತ್ತೇನೆ. ಹೀಗೆ ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮೊಂಡು ಚಾಕುವನ್ನು ಬಂದ ಹಾಗೇ ಮಾರುವವನು ನಾನಲ್ಲ. ಮೊದಲು ಒರಟು ಕಲ್ಲು, ಆಮೇಲೆ ನುಣುಪು ಕಲ್ಲು, ಕೊನೆಗೆ ಹಳೆಯ ಬೆಲ್ಟಿನ ಚರ್ಮ. ಹೊಸ ನಮೂನೆ ಬಂದಾಗಲೆಲ್ಲ ಒಂದನ್ನು ಲಕ್ಕಲಕಟ್ಟಿಯ ನಮ್ಮ ಹೊಲಕ್ಕೆ ಒಯ್ದು ಪರೀಕ್ಷೆ ಮಾಡುತ್ತೇನೆ. ಜೋಳದ ಕಣಿಕೆ ಕೊಯ್ಯಬೇಕು, ಹಗ್ಗ ಕತ್ತರಿಸಬೇಕು, ಒಣ ಜಾಲಿ ಕಟ್ಟಿಗೆಯ ಮೇಲಿಟ್ಟು ಅಲಗಿನ ಬೆನ್ನಿಗೆ ಬಡಿದರೆ ತಡೆಯಬೇಕು. ಅಷ್ಟಾದ ಮೇಲೂ ಉಳ್ಳಾಗಡ್ಡಿಯನ್ನು ತೆಳ್ಳಗೆ ಹೆಚ್ಚಿದರೆ ಪಾಸು. 'ಈರಣ್ಣ ಕೊಟ್ಟಾನಂದ್ರ ಮತ್ತೇನ್ ನೋಡೂದೈತ್ರಿ' ಎಂದು ಸೂಡಿ ಊರಿನ ಜನರೂ ಅನ್ನತೊಡಗಿದರು. ಆ ಮಾತು ನನ್ನ ತಲೆಗೆ ಹತ್ತಿತು.

ಆ ವರ್ಷ ನವರಾತ್ರಿಗೆ ಮುಂಚೆ ನೀನು ಬಂದು ಕೇಳಿದೆ. ಮಾಲೆಯ ಜೊತೆಗೆ ಮದುವೆ ಹಂದರಕ್ಕೆ ಹೂವಿನ ಕಮಾನು ಕಟ್ಟುವ ಕೆಲಸವನ್ನೂ ಹಿಡಿದಿದ್ದೆ ನೀನು.

"ಬಿದಿರ ಸೀಳಾಕ ಒಂದು ಗಟ್ಟಿ ಚಾಕು ಕೊಡೋ ಈರಣ್ಣಾ. ಖಂಡೇಪೂಜಾದಾಗ ಇಟ್ಟು ಕೊಡು. ನಿಮ್ಮ ದೇವಿ ಆಶೀರ್ವಾದನೂ ಇರಲಿ, ನಾ ಏನ್ ಬ್ಯಾಡ ಅಂತೀನೇನು?"

ಬಿದಿರಿಗೆ ಎಂದು ನೀನು ಬಾಯಿಬಿಟ್ಟು ಹೇಳಿದ್ದೆ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಹೊಸದಾಗಿ ಬಂದ ಪೆಟ್ಟಿಗೆಯಿಂದ ಒಂದನ್ನು ಆರಿಸಿಕೊಂಡು ಕೂತೆ. ಅಂಥ ಹರಿತ ಧಾರವನ್ನು ನಾನು ಅದಕ್ಕೂ ಮೊದಲು ಹಿಡಿದಿರಲಿಲ್ಲ, ಆಮೇಲೂ ಹಿಡಿದಿಲ್ಲ. ಮುಂಗೈ ಮೇಲೆ ಎಳೆದರೆ ಕೂದಲು ಸದ್ದಿಲ್ಲದೆ ಉದುರುತ್ತಿದ್ದವು. ಗೆಳೆಯನಿಗೆ ಎಂದು ಮಾಡಿದೆನೋ, ನಾಲ್ಕು ಜನರಿಗೆ ತೋರಿಸಲೆಂದೋ — ಈಗ ಏನು ಹೇಳಿದರೂ ಯಾರು ನಂಬುತ್ತಾರೆ.

ಆಯುಧಪೂಜೆಯ ದಿನ ಬೆಳಿಗ್ಗೆ ಹೊಲಕ್ಕೆ ಒಯ್ದೆ. ಕಣಿಕೆ ಕೊಯ್ಯಿತು, ಹಗ್ಗ ಕತ್ತರಿಸಿತು. ಜಾಲಿ ಕಟ್ಟಿಗೆಯ ಮೇಲಿಟ್ಟು ಬಡಿದಾಗ ಟಿಕ್ ಎಂದಿತು. ಅಷ್ಟೇ ಸದ್ದು. ಹಿಡಿಕೆ ಮತ್ತು ಅಲಗು ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕು. ಅಲುಗಿಸಿ ನೋಡಿದರೆ ಅಲಗು ಮುದುಕರ ಹಲ್ಲಿನಂತೆ ಆಡುತ್ತಿತ್ತು. ಒಳ್ಳೆಯ ಚಾಕುವಿನಲ್ಲಿ ಅಲಗಿನ ಬಾಲ ಹಿಡಿಕೆಯ ಉದ್ದಕ್ಕೂ ಒಳಗೆ ಹೋಗಿರುತ್ತದೆ. ಇದರಲ್ಲಿ ಕಿರುಬೆರಳ ತುದಿಯಷ್ಟೂ ಇರಲಿಲ್ಲ, ಉಳಿದದ್ದೆಲ್ಲ ಪ್ಲಾಸ್ಟಿಕ್ಕು.

ಅಲ್ಲೇ ಅದನ್ನು ಬಾವಿಗೆ ಎಸೆದಿದ್ದರೆ—

ಎಸೆಯಲಿಲ್ಲ. ಆ ಧಾರದ ಮೇಲೆ ಆಸೆ. ಮನೆಯಲ್ಲಿ ನನ್ನ ಹೆಂಡತಿ ಶಾಂತವ್ವ ಆಯುಧಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟು, ದಾವಲಣ್ಣನ ಚಾಕುವಿಗೆ ನಡುವೆ ಜಾಗ ಬಿಟ್ಟಿದ್ದಳು. ಮುಕ್ಕಾದ ಆಯುಧವನ್ನು ದೇವಿಯ ಮುಂದೆ ಇಡುವಂತಿಲ್ಲ, ನಮ್ಮ ಮನೆಯಲ್ಲಿ ಅದು ದೊಡ್ಡ ತಪ್ಪು. ಬಿರುಕಿಗೆ ಅಂಟು ಹಾಕಿ ಒತ್ತಿ ಹಿಡಿದೆ. ಪ್ರತಿ ಆಯುಧಕ್ಕೂ ಅರಿಷಿಣದ ದಾರ ಸುತ್ತುತ್ತೇವಲ್ಲ, ಅದನ್ನು ಸರಿಯಾಗಿ ಬಿರುಕಿನ ಮೇಲೆಯೇ, ಒತ್ತೊತ್ತಾಗಿ ಸುತ್ತಿದೆ.

"ಅದಕ್ಯಾಕ್ರಿ ಅಷ್ಟು ದಾರ?" ಎಂದಳು ಶಾಂತವ್ವ.

"ದಾವಲಂದು. ಚಂದ ಕಾಣ್ಲಿ" ಎಂದೆ. ಅದೇ ಮೊದಲ ಸುಳ್ಳು.

ಪೂಜೆ ಮುಗಿದ ಮೇಲೆ ಇದನ್ನು ತೆಗೆದಿಟ್ಟು ನಿನಗೆ ಬೇರೆಯದನ್ನು ಕೊಡೋಣವೆಂದಿದ್ದೆ. ಆದರೆ ನೀನು ಚೆಂಡು ಹೂವಿನ ಮಾಲೆ ಹಿಡಿದುಕೊಂಡು ಬಂದೆ, ಹೋಳಿಗೆ ಉಂಡೆ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಶಾಂತವ್ವ ಅದನ್ನು ನಿನ್ನ ಮುಂದೆ ನೆಲದ ಮೇಲಿಟ್ಟಳು. ನೀನು ಎತ್ತಿ ಕಣ್ಣಿಗೊತ್ತಿಕೊಂಡೆ. ನಮ್ಮ ಅತ್ತೆ ಇದ್ದರು, ಓಣಿಯ ಮಂದಿ ಇದ್ದರು. 'ಒಡಕು ಸಾಮಾನಕ್ಕ ಪೂಜಾ ಮಾಡಿಸಿದ್ಯಾ?' ಎಂದು ಎಲ್ಲರೂ ನನ್ನ ಮುಖಕ್ಕೆ ಉಗಿಯುತ್ತಾರೆಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ಮನೆಗೆ ಹೋದ ಕೂಡಲೇ ದಾರ ಬಿಚ್ಚುತ್ತಾನೆ, ಬಿರುಕು ಕಾಣುತ್ತದೆ, ನಾಳೆ ಬಂದು ಬೈಯುತ್ತಾನೆ, ನಕ್ಕು ಬೇರೆ ಕೊಟ್ಟರಾಯಿತು — ಹೀಗೆ ಲೆಕ್ಕ ಹಾಕಿದೆ. ಮರುದಿನ ನೀನು ಬರಲಿಲ್ಲ. ನಾನೂ ಹೋಗಲಿಲ್ಲ. ನರಗುಂದದ ಸಂತೆಗೆ ಹೋದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಪೆಟ್ಟಿಗೆಯಲ್ಲಿ ಉಳಿದ ಒಂದು ಚಾಕುವನ್ನೂ ನಾನು ಮಾರಲಿಲ್ಲ. ಹಿಡಿಕೆ ಸರಿಯಿಲ್ಲವೆಂದು ಎಲ್ಲವನ್ನೂ ವಾಪಸ್ ಕಳಿಸಿದೆ. ಗುರುತಿಲ್ಲದ ಮಂದಿಯ ಬೆರಳ ಮೇಲೆ ಅಷ್ಟು ಕಾಳಜಿ ಇತ್ತು ನನಗೆ.

ನೀನು ಅಸೂಟಿಯ ಒಂದು ಮದುವೆಗೆ ಬಿದಿರು ಸೀಳುತ್ತಿದ್ದಾಗ ಹಿಡಿಕೆ ಮುರಿಯಿತು. ಒತ್ತಿ ಹಿಡಿದಿದ್ದ ಬಲಗೈ ಜಾರಿ ಅಲಗಿನ ಮೇಲೆಯೇ ಹೋಯಿತು. ರೋಣದ ದವಾಖಾನೆಗೆ ನಾನು ಓಡಿ ಬಂದಾಗ ಡಾಕ್ಟರು ನಿನ್ನ ಹೆಂಡತಿ ಮಾಬೂಬಿಗೆ ಹೇಳುತ್ತಿದ್ದರು: ಬೆರಳುಗಳ ನರ ಪೂರ್ತಿ ಕಡಿದಿವೆ, ಇಷ್ಟು ಸಾಫಾಗಿ ಕಡಿಯಬೇಕಾದರೆ ಧಾರ ಭಾರಿ ಇರಬೇಕು. ಆ ಧಾರ ನನ್ನದು. ಬಂದ ಹಾಗೇ ಮೊಂಡಾಗಿ ಬಿಟ್ಟಿದ್ದರೆ ಗಾಯವಾಗುತ್ತಿತ್ತು, ಮಾಯುತ್ತಿತ್ತು.

ಆಗ ನೀನು, ಅಂಥ ನೋವಿನಲ್ಲಿ, ನನಗೇ ಸಮಾಧಾನ ಹೇಳಿದೆ.

"ದಾರ ಜಾರತೈತಿ, ಬಿಚ್ಚು ಅಂತ ಮಾಬೂಬಿ ಅಂದಿದ್ಲು. ನಾನಽ ಬಿಚ್ಚಲಿಲ್ಲ. ನಿಮ್ಮ ದೇವರ ದಾರ, ತಾನಾಗೇ ಹರೀಲಿ, ನಾ ಹ್ಯಾಂಗ ಬಿಚ್ಚಲಿ ಅಂತ ಬಿಟ್ಟೆ. ನಿಂದೇನ್ ತಪ್ಪಿಲ್ಲ ಬಿಡೋ. ನಾನಽ ಜೋರ ಹಾಕಿದ್ನೇನೋ, ಹೌದಿಲ್ಲೋ?"

ನೀನು ಕೇಳಿದ್ದೆ, ದಾವಲಾ. ಹೇಳಲು ಅದಕ್ಕಿಂತ ದೊಡ್ಡ ಬಾಗಿಲು ಯಾರಿಗೆ ತೆರೆಯುತ್ತದೆ? ಮಾಬೂಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅಂದೆ—

"ಹೂಂ. ಜೋರ ಭಾಳ ಹಾಕಿದಿ. ಅದು ಬಿದಿರಿನ ಚಾಕು ಅಲ್ಲ, ಹೇಳಿದ್ನಲ್ಲ ನಾ ನಿನಗ."

ಹೇಳಿರಲಿಲ್ಲ. ನೀನು ತಲೆಯಾಡಿಸಿದೆ, ನಾನು ಹೇಳಿದ್ದನ್ನು ನೀನೇ ಮರೆತೆ ಎಂಬಂತೆ. ಆವತ್ತಿನಿಂದ ಮಾಬೂಬಿ ನಿನ್ನನ್ನು ಬೈಯುವಾಗಲೆಲ್ಲ ಅದೇ ಮಾತು: 'ಈರಣ್ಣ ಹೇಳಿದ್ರೂ ಕೇಳಲಿಲ್ಲ ಈ ಮನಷ್ಯಾ.' ಬಿರುಕಿನ ಚಾಕು ನಿನ್ನ ಬೆರಳು ತಿಂದಿತು. ಈ ಸುಳ್ಳು ನಿನ್ನ ಮನೆಯಲ್ಲಿ ನಿನ್ನ ಮರ್ಯಾದೆಯನ್ನು ಇನ್ನೂ ತಿನ್ನುತ್ತಿದೆ.

ಈಗ ಮಾಲೆ ಕಟ್ಟುವವಳು ಅವಳು. ನೀನು ಎಡಗೈಯಿಂದ ಹೂ ಆರಿಸಿ ಕೊಡುತ್ತೀ, ದಾರದ ತುದಿಯನ್ನು ಹಲ್ಲಿನಲ್ಲಿ ಹಿಡಿಯುತ್ತೀ. ಮೊದಲು ಅತ್ತ ನೋಡುತ್ತ, ಇತ್ತ ಮಾತಾಡುತ್ತ ಮಾರುಗಟ್ಟಲೆ ಮಲ್ಲಿಗೆ ಕಟ್ಟುತ್ತಿದ್ದ ಕೈ ಅದು. ಗುಡಿಗೂ ಅದೇ ಕೈಯ ಮಾಲೆ, ದರ್ಗಾಕ್ಕೂ ಅದೇ ಕೈಯ ಹೂವಿನ ಚಾದರ. ಇಷ್ಟಾದರೂ ಯಾರಾದರೂ ಚಾಕು ಬೇಕೆಂದರೆ ಸಾಕು, ನನ್ನ ಕಡೆಗೆ ಬೆರಳು — ಆ ಮಡಚದ ಬೆರಳು — ಮಾಡಿ 'ಈರಣ್ಣನ ಕಡೆ ತಗೋರಿ, ಕೊಯ್ದು ನೋಡಿ ಕೊಡ್ತಾನ' ಎನ್ನುತ್ತೀ. ಸಂತೆಯಲ್ಲಿ ಯಾರಾದರೂ ಹಿಡಿಕೆಯನ್ನು ಸುಮ್ಮನೆ ತಿರುಗಿಸಿ ನೋಡಿದರೂ ನನ್ನ ಕೈ ತಾನೇ ಮುಂದೆ ಹೋಗಿ ಅದನ್ನು ಇಸಿದುಕೊಳ್ಳುತ್ತದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಹೋದ ದಸರೆಗೆ ಹೇಳಿಯೇ ಬಿಡೋಣವೆಂದು ಬನ್ನಿ ಹಿಡಿದು ಬಂದೆ. ಹಳೆಯದನ್ನೆಲ್ಲ ಮರೆತು ಬಂಗಾರದಂತೆ ಇರೋಣ ಎಂದು ಕೊಡುವ ಎಲೆ. ನೀನು ಬಲಗೈ ಚಾಚಿದೆ. ಎಲೆ ಇಟ್ಟೆ. ಬೆರಳು ಮುಚ್ಚಲಿಲ್ಲ, ಎಲೆ ಜಾರಿ ಹೂವಿನ ಕಸದಲ್ಲಿ ಬಿತ್ತು.

"ನೋಡಪಾ, ಬಂಗಾರ ನಿಂದ್ರಂಗಿಲ್ಲ ನನ್ನ ಕೈಯಾಗ" ಎಂದು ನೀನು ನಕ್ಕೆ.

ನಾನೂ ನಕ್ಕೆ. ಬಗ್ಗಿ ಎಲೆ ಎತ್ತಿ ನಿನ್ನ ಎಡಗೈಗೆ ಕೊಟ್ಟು ಬಂದುಬಿಟ್ಟೆ. ಸೂಡಿಯ ದಾರಿಯಲ್ಲಿ ಬೈಕ್ ನಿಲ್ಲಿಸಿ ಅತ್ತೆ, ಅದರಿಂದ ಯಾರಿಗೆ ಏನು ಉಪಯೋಗ? ಹೇಳಿದರೆ ನಿನ್ನ ಬೆರಳು ಮಡಚುವುದಿಲ್ಲ. ಹೇಳದಿದ್ದರೂ ಮಡಚುವುದಿಲ್ಲ. ನನ್ನ ಕೈಯಲ್ಲಿ ಏನೂ ಉಳಿದಿಲ್ಲ, ಖರೇ ಮಾತು ಒಂದನ್ನು ಬಿಟ್ಟು.

ಮುರಿದ ಆ ಚಾಕು ನನ್ನ ಬಳಿಯೇ ಇದೆ. ಆವತ್ತು ದವಾಖಾನೆಯಿಂದ ಸೀದಾ ಅಸೂಟಿಗೆ ಹೋಗಿ ಹಂದರದಿಂದ ನಾನೇ ಎತ್ತಿಕೊಂಡು ಬಂದೆ, ಯಾರಾದರೂ ನೋಡಿಯಾರು ಎಂದು. ಹಿಡಿಕೆಗೆ ದಾರ ಇನ್ನೂ ಹಾಗೇ ಇದೆ. ಅರಿಷಿಣದ ಮೇಲೆ ನಿನ್ನ ರಕ್ತ ಒಣಗಿ ಕಪ್ಪಾಗಿದೆ. ನಾಳೆ ಅದನ್ನು ತಂದು ನಿನ್ನ ಮುಂದೆ ನೆಲದ ಮೇಲೆ ಇಡುತ್ತೇನೆ. ಮಾಬೂಬಿಯನ್ನೂ ಕರೆ. ನೀನು ದೇವರದೆಂದು ಬಿಟ್ಟ ದಾರ ದೇವರದಲ್ಲ, ನನ್ನದು. ಬಿಚ್ಚಿ, ಕೆಳಗಿನ ಅಂಟು ತೋರಿಸುತ್ತೇನೆ. ಆಮೇಲೆ ನೀನು ಏನಂದರೂ ಸರಿ, ಏನೂ ಅನ್ನದಿದ್ದರೂ ಸರಿ.

ಗಂಟು ಬಿಗಿದು ಕಲ್ಲಾಗಿದೆ. ಬಿಚ್ಚಲು ಬೆರಳು ಬೇಕು. ನನ್ನವು ಎಲ್ಲವೂ ಮಡಚುತ್ತವೆ.